ಸೈನ್ ಬರುತ್ತೆ, ಓದೋಕ್ ಬರಲ್ಲ: ಒಬ್ಬ ಪಂಚಾಯ್ತಿ ಮೆಂಬರ್ ಅಕ್ಷರ ಕಲಿತ ಪ್ರಕರಣ

ಮೊದ್ಲೇ ಹೇಳ್ಬಿಡ್ತೀನಿ, ಇದ್ರಲ್ಲಿ ಊರು, ಹೆಸರು, ವಾರ್ಡ್ ನಂಬರ್ ಯಾವ್ದೂ ಇಲ್ಲ. ಗುರುತು ಸಿಗಬಾರ್ದು ಅಂತ ಒಂದೆರಡು ಸಣ್ಣ ವಿವರ ಬದಲಾಯಿಸಿದೀನಿ. ತುಮಕೂರು ಜಿಲ್ಲೆಯಲ್ಲಿ ಮಳೆ ಕಮ್ಮಿ ಇರೋ ಕಡೆಯ ಒಂದು ಗ್ರಾಮ ಪಂಚಾಯ್ತಿ ಅಂತಷ್ಟೇ ಇಟ್ಕೊಳಿ. ನಾನು ಅಲ್ಲಿ ಲೈಬ್ರರಿ ನೋಡ್ಕೊಳ್ಳೋಳು, ಡಿ.ಎಡ್ ಮುಗಿಸಿ ಮೇಷ್ಟ್ರ ಕೆಲಸಕ್ಕೆ ಕಾದು ಕಾದು ಕೊನೆಗೆ ಇದಕ್ಕೆ ಬಂದೋಳು. ಕಲಿತೋರನ್ನ ಅಕ್ಕ ಅಂತಲೇ ಬರೀತೀನಿ, ನಾನು ಕರೆಯೋದೂ ಹಂಗೇ.

ದೊಡ್ಡೋರಿಗೆ ಅಕ್ಷರ ಕಲಿಸೋ ಕೆಲಸ ಮೈಮೇಲೆ ಹಾಕ್ಕೊಂಡಿರೋ ನಮ್ಮಂಥ ಲೈಬ್ರರಿಯೋರು, ಸ್ವಯಂಸೇವಕರು ಬೇಕಾದಷ್ಟು ಜನ ಇದಾರೆ. ನಾನು ಎಡವಿದ ಕಡೆ ಅವ್ರು ಎಡವಬಾರ್ದು ಅನ್ನೋದಕ್ಕೇ ಇದನ್ನ ಬರೀತಿರೋದು. ಸಕ್ಸಸ್ ಸ್ಟೋರಿ ಅಂತ ಓದೋಕೆ ಬಂದ್ರೆ ನಿರಾಸೆ ಆಗ್ಬಹುದು.

ಹಿನ್ನೆಲೆ

2020ರ ಡಿಸೆಂಬರ್‌ನಲ್ಲಿ ಪಂಚಾಯ್ತಿ ಎಲೆಕ್ಷನ್ ಆಯ್ತಲ್ಲ, ಆವಾಗ ಅಕ್ಕ ಗೆದ್ದಿದ್ದು. ನಮ್ಮಲ್ಲಿ ಸುಮಾರು 400 ಜನಕ್ಕೆ ಒಬ್ಬ ಮೆಂಬರ್, ಅದ್ರಲ್ಲಿ ಅರ್ಧ ಸೀಟು ಹೆಂಗಸರಿಗೆ. ಅಕ್ಕ ಇರೋ ಕಾಲೋನಿ ಸೇರೋ ವಾರ್ಡು ಆ ಸಲ ಪರಿಶಿಷ್ಟ ಜಾತಿ ಮಹಿಳೆಗೆ ಬಂತು. ಅಲ್ಲೀವರೆಗೂ ನಿಲ್ಬೇಕು ಅಂತ ಎರಡು ವರ್ಷದಿಂದ ಓಡಾಡ್ಕೊಂಡಿದ್ದೋನು ಅವರ ಮೈದುನ, ಸೀಟು ಹೆಂಗಸರಿಗೆ ಅಂತ ಗೊತ್ತಾದ ರಾತ್ರಿನೇ ಅತ್ತಿಗೆ ಹತ್ರ ಬಂದು ಆಧಾರ್ ಕಾರ್ಡ್ ಇಸ್ಕೊಂಡ್ ಹೋದ. ಅಕ್ಕನ್ನ ಯಾರೂ ಕೇಳಲೇ ಇಲ್ಲ ಅನ್ನೋಕಾಗಲ್ಲ, ಕೇಳಿದ್ರಂತೆ, "ಸೈನ್ ಹಾಕೋಕ್ ಬರುತ್ತಲ್ಲ?" ಅಂತ.

ಗೆದ್ದ ದಿನ ಹಾರ ಬಿದ್ದಿದ್ದು ಮೈದುನನ ಕೊರಳಿಗೆ. ಅವತ್ತಿಂದ ಊರೋರೆಲ್ಲ ಅವನನ್ನ "ಮೆಂಬರ್ರು" ಅಂತಾರೆ, ನಿಜವಾದ ಮೆಂಬರ್‌ಗೆ "ಮೆಂಬರ್ರ ಅತ್ತಿಗೆ" ಅಂತಾರೆ. ಇದನ್ನ ಅಕ್ಕನೇ ನಗ್ತಾ ನಗ್ತಾ ಹೇಳಿದ್ದು.

ಅಕ್ಕನಿಗೆ ಆಗ 46 ಅಥವಾ 47. ಗಂಡ ತೀರಿಕೊಂಡು ಆರು ವರ್ಷ ಆಗಿತ್ತು, ಮಗ ಬೆಂಗಳೂರಲ್ಲಿ ಗಾರ್ಮೆಂಟ್ಸ್ ಕೆಲಸ. ಕೂಲಿ, ಉದ್ಯೋಗ ಖಾತ್ರಿ, ಕಡ್ಲೆಕಾಯಿ ಕಾಲದಲ್ಲಿ ಕೀಳೋದು ಬಿಡಿಸೋದು. ಶಾಲೆ ಮೆಟ್ಟಿಲು ಹತ್ತಿದೋರಲ್ಲ. ತೊಂಬತ್ತರ ದಶಕದಲ್ಲಿ ಸಾಕ್ಷರತಾ ಆಂದೋಲನ ಜೋರಾಗಿದ್ದಾಗ ತೌರೂರಲ್ಲಿ ಒಂದಷ್ಟು ದಿನ ರಾತ್ರಿ ಶಾಲೆ ನಡೀತಂತೆ, ಅಲ್ಲಿ ಹೆಸರು ಬರೆಯೋದು ಕಲಿಸಿದ್ರು, ಆಮೇಲೆ ಲಾಟೀನು ಸಮೇತ ಶಾಲೆ ಎತ್ತಂಗಡಿ.

ಆ ಸೈನ್ ಬಗ್ಗೆ ಸ್ವಲ್ಪ ಜಾಸ್ತಿನೇ ಹೇಳ್ಬೇಕು. ಐದಕ್ಷರದ ಹೆಸರು, ಬಲು ಚೆಂದ ಹಾಕ್ತಾರೆ. ಆದ್ರೆ ಅದು ಚುಕ್ಕಿ ರಂಗೋಲಿ ಹಾಕಿದ ಹಾಗೆ, ಎಲ್ಲಿ ಶುರು, ಎಲ್ಲಿ ಬಳಸಿ ತರಬೇಕು, ಎಲ್ಲಿ ಕೂಡಿಸಬೇಕು ಅನ್ನೋದು ಕೈಗೆ ಗೊತ್ತು. ಅದೇ ಹೆಸರಲ್ಲಿರೋ ‘ಮ’ ಅಕ್ಷರಾನ ಬೇರೆ ಕಡೆ ಬರೆದು ಇದೇನು ಅಂದ್ರೆ ಗೊತ್ತಿಲ್ಲ. ಜನಗಣತಿ ಲೆಕ್ಕದ ಪ್ರಕಾರ ಅರ್ಥ ಮಾಡ್ಕೊಂಡು ಓದೋಕೂ ಬರೆಯೋಕೂ ಬಂದ್ರೆ ಮಾತ್ರ ಸಾಕ್ಷರರು, 2011ರಲ್ಲಿ ಕರ್ನಾಟಕದ ಹೆಂಗಸರಲ್ಲಿ ಅಂಥೋರು 68.08 ಪರ್ಸೆಂಟ್ ಅಂತ ಬಂತು. ಸೈನ್ ಹಾಕಿದ್ದನ್ನ ನೋಡಿ "ಬರುತ್ತೆ" ಕಾಲಂಗೆ ಟಿಕ್ ಬಿದ್ದೋರು ಅದ್ರಲ್ಲಿ ಎಷ್ಟು ಜನ ಇರ್ಬಹುದು ಅಂತ ನಂಗೆ ಈಗ್ಲೂ ಯೋಚನೆ ಬರುತ್ತೆ, ಯಾಕಂದ್ರೆ ನಮ್ಮ ಪಂಚಾಯ್ತಿ ಲಿಸ್ಟಲ್ಲೇ ಅಕ್ಕನ ಹೆಸರಿನ ಮುಂದೆ ಅಕ್ಷರಸ್ಥೆ ಅಂತ ಇತ್ತು.

ಸಮಸ್ಯೆ, ನನ್ನದೂ ಸೇರಿ

2021ರ ಕೊನೇಲಿ ಓದು ಬರಹ ಬಾರದ ಪಂಚಾಯ್ತಿ ಮೆಂಬರ್‌ಗಳಿಗೆ ಕಲಿಸೋ ‘ಸಾಕ್ಷರ ಸನ್ಮಾನ’ ಅನ್ನೋ ಕಾರ್ಯಕ್ರಮ ನಮ್ಮ ಕಡೆಗೂ ಬಂತು. ನಮ್ಮಲ್ಲಿ ಮೂರು ಜನ ಲಿಸ್ಟಲ್ಲಿದ್ರು. ಅಕ್ಕ ಇರಲಿಲ್ಲ, ಟಿಕ್ ಕಾರಣಕ್ಕೆ. ಒಂದಿನ ಲೈಬ್ರರಿ ಬಾಗಿಲ ಹತ್ರ ಬಂದು ನಿಂತ್ಕೊಂಡು, ಒಳಗೂ ಬರ್ದೆ ಹೊರಗೂ ಹೋಗ್ದೆ, "ಅದೇನೋ ಕಲಿಸ್ತಾರಂತಲ್ಲ ಮೇಡಂ, ನಂಗ್ಯಾಕೆ ಹೇಳ್ಲಿಲ್ಲ" ಅಂದ್ರು. ನಿಮಗೆ ಬರುತ್ತೆ ಅಂತ ಬರ್ಕೊಂಡಿದಾರಲ್ಲಕ್ಕ ಅಂದೆ. "ಸೈನ್ ಬತ್ತದೆ ಕಣವ್ವ, ಓದಾಕ್ ಬರಲ್ಲ. ಅವೆರಡೂ ಒಂದೇನಾ?"

ಆಫೀಸಲ್ಲಿ ಹೇಳಿದಾಗ ಒಬ್ರು, ಕೆಟ್ಟ ಮನುಷ್ಯ ಏನಲ್ಲ, "ಅವ್ರಿಗ್ಯಾಕ್ ಮೇಡಂ ಕಷ್ಟ ಕೊಡ್ತೀರ, ಸೈನ್ ಬಂದ್ರೆ ಸಾಕಲ್ಲ, ಉಳಿದಿದ್ದು ಮೈದುನ ನೋಡ್ಕೊತಾನೆ" ಅಂದ್ರು. ಇನ್ನೊಬ್ರು "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ" ಅಂತ ಗಾದೆ ಹೇಳಿದ್ರು. ನಂಗೆ ಸಿಟ್ಟು ಬಂತು, ಹಠ ಮಾಡಿ ನಾಲ್ಕನೇ ಹೆಸರು ಸೇರಿಸ್ದೆ, ಏನೋ ದೊಡ್ಡ ಕೆಲಸ ಮಾಡಿದೋಳ ಹಾಗೆ ಬೀಗ್ಕೊಂಡೆ ಕೂಡ.

ಈಗ ನನ್ನ ತಪ್ಪು. ಪ್ರತಿ ಕಲಿಯೋರಿಗೂ ನಾನೇ ಒಂದು ಹಾಳೆ ಮಾಡ್ಕೊಂಡಿದ್ದೆ, ಅದ್ರಲ್ಲಿ ಹೆಸರು, ವಯಸ್ಸು, ಈಗ ಏನ್ ಬರುತ್ತೆ, ಗುರಿ ಅಂತ ಕಾಲಂ. ಉಳಿದ ಮೂರು ಜನಕ್ಕೆ ಗುರಿ ಕಾಲಂನಲ್ಲಿ "ದಿನಪತ್ರಿಕೆಯ ತಲೆಬರಹ ಓದುವುದು" ಅಂತ ಬರೆದೆ. ಅವರಲ್ಲಿ ಇಬ್ರು ಜಮೀನ್ದಾರ ಕುಟುಂಬದೋರು, ಒಬ್ರು ಅಂಗಡಿ ಇಟ್ಟೋರು. ಅಕ್ಕನ ಹಾಳೇಲಿ "ಹೆಸರು, ಊರು, ವಾರ್ಡ್ ಸಂಖ್ಯೆ ಬರೆಯುವುದು" ಅಂತ ಬರೆದೆ. ಯಾಕೆ ಹಂಗೆ ಬರೆದೆ ಅಂತ ಆಗ ಯಾರಾದ್ರೂ ಕೇಳಿದ್ರೆ "ಪ್ರಾಕ್ಟಿಕಲ್ ಆಗಿರ್ಬೇಕಲ್ಲ" ಅಂತಿದ್ದೆ ಅನ್ಸುತ್ತೆ. ಆಫೀಸಿನೋರು ಬಾಯಲ್ಲಿ ಹೇಳಿದ್ದನ್ನೇ ನಾನು ನೀಟಾಗಿ ಕಾಲಂನಲ್ಲಿ ಬರೆದಿದ್ದೆ ಅಷ್ಟೇ.

ಹಂಗಂತ ಅಕ್ಕನ ಬುದ್ಧಿ ನಂಗೆ ಕಾಣಿಸ್ದೆ ಇದ್ದಿದ್ದೇನಲ್ಲ. ಅವರ ಸ್ತ್ರೀಶಕ್ತಿ ಸಂಘದಲ್ಲಿ 14 ಜನ, ಯಾರದು ಎಷ್ಟು ಕಂತು ಬಾಕಿ, ಯಾರು ಹೋದ್ ತಿಂಗಳು ಬಡ್ಡಿ ಕಟ್ಟಿಲ್ಲ ಎಲ್ಲಾ ತಲೇಲೇ ಇಟ್ಕೊಂಡಿದ್ರು, ಪುಸ್ತಕ ಬರೆಯೋ ಹುಡುಗಿ ತಪ್ಪು ಮಾಡಿದ್ರೆ ಬಾಯಲ್ಲೇ ಹಿಡೀತಿದ್ರು. ಕೀಪ್ಯಾಡ್ ಫೋನಲ್ಲಿ ಯಾರ ಹೆಸರೂ ಓದೋಕ್ ಬರಲ್ಲ ಅಂತ ಕೊನೆ ಮೂರು ನಂಬರಲ್ಲೇ ಎಲ್ಲರನ್ನೂ ಗುರುತು ಹಿಡಿಯೋರು. ನಾನು ಅವ್ರಿಗೆ "ಎರಡು ನಾಕು ಎಂಟು". ಇಷ್ಟೆಲ್ಲ ಗೊತ್ತಿದ್ದೂ ಗುರಿ ಕಾಲಂನಲ್ಲಿ ಹೆಸರು, ಊರು!

ಮೊದಲ ತಿಂಗಳು: ಏನೂ ಹತ್ತಲಿಲ್ಲ

ಸಂಜೆ ಏಳಕ್ಕೆ ಮಕ್ಕಳೆಲ್ಲ ಮನೆಗೆ ಹೋದ್ಮೇಲೆ ಲೈಬ್ರರಿಯಲ್ಲೇ ಕ್ಲಾಸು. ಅ ಆ ಇ ಈ ಇಂದ ಶುರು ಮಾಡ್ಲಿಲ್ಲ, ಸರ್ಕಾರಿ ಶಾಲೆಯ ಸಣ್ಣ ಕ್ಲಾಸುಗಳ ನಲಿಕಲಿ ಪದ್ಧತಿಯಲ್ಲಿ ಮಕ್ಕಳಿಗೆ ಹೇಳ್ಕೊಡೋ ಹಾಗೆ ರ ಗ ಸ ದ ಅ, ಆಮೇಲೆ ಜ ವ ಮ ಬ ನ. ಇದ್ರ ಅನುಕೂಲ ಏನಂದ್ರೆ ಐದೇ ಅಕ್ಷರಕ್ಕೆ ಸರ, ಅರಸ, ಅಗಸ, ಗರಗಸ ಅಂತ ಪದ ಓದೋಕೆ ಸಿಗುತ್ತೆ, 49 ಅಕ್ಷರ ಮುಗಿಯೋವರೆಗೂ ಕಾಯ್ಬೇಕಾಗಿಲ್ಲ.

ಉಳಿದ ಮೂರು ಜನ ನಿಧಾನಕ್ಕಾದ್ರೂ ಮುಂದೆ ಹೋದ್ರು. ಅಕ್ಕ ಮಾತ್ರ ಬೋರ್ಡ್ ಮೇಲೆ ಬರೆದಾಗ ಪಟ್ ಅಂತ ಹೇಳೋರು, ಪುಸ್ತಕ ಕೈಗೆ ಕೊಟ್ರೆ ಬ ಅನ್ನೋದನ್ನ ಜ ಅನ್ನೋರು, ವ ಮ ಎರಡೂ ಕಲಸಿ ಹೋಗೋದು, ಪುಸ್ತಕ ಮುಚ್ಚಿಟ್ಟು "ನಮ್ ತಲೆಗೆ ಎಲ್ ಹತ್ತುತ್ತೆ ಬಿಡವ್ವ" ಅನ್ನೋರು. ನಾನು ಮೂರನೇ ವಾರದ ಹೊತ್ತಿಗೆ ಒಳಗೊಳಗೇ ಒಪ್ಪಿಕೊಂಡಿದ್ದೆ. ಬೋರ್ಡ್ ಮೇಲೆ ಹೇಳ್ತಿರೋದು ಪಕ್ಕದೋರ ಬಾಯಿ ಕೇಳಿಸ್ಕೊಂಡು ಅಂತ ನಂಗೆ ನಾನೇ ಸಮಾಧಾನ ಹೇಳ್ಕೊಂಡೆ. ಪ್ರಶ್ನೆ ಕೇಳೋವಾಗ ಅಕ್ಕನ್ನ ಬಿಟ್ಟು ಮುಂದಿನೋರಿಗೆ ಹೋಗೋದು ಶುರುವಾಯ್ತು, ಮುಜುಗರ ಆಗ್ಬಾರ್ದು ಅಂತ. ಡಿ.ಎಡ್‌ನಲ್ಲಿ ರೋಸೆಂಥಾಲ್, ಜೇಕಬ್ಸನ್ ಅನ್ನೋರು 1960ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಒಂದು ಶಾಲೇಲಿ ಮಾಡಿದ ಪ್ರಯೋಗದ ಬಗ್ಗೆ ಓದಿದ್ದೆ, ಸುಮ್ನೆ ಚೀಟಿ ಎತ್ತಿದ ಹಾಗೆ ಆರಿಸಿದ ಮಕ್ಕಳನ್ನ ಇವ್ರು ಈ ವರ್ಷ ಚಿಗುರ್ತಾರೆ ಅಂತ ಟೀಚರ್‌ಗಳಿಗೆ ಹೇಳಿದ್ರು, ಕೆಳಗಿನ ಕ್ಲಾಸುಗಳಲ್ಲಿ ಆ ಮಕ್ಕಳು ಜಾಸ್ತಿ ಮುಂದೆ ಬಂದ್ರು ಅಂತ. ಅದ್ರ ಮೇಲೆ ಆಮೇಲೆ ವಾದ ವಿವಾದ ತುಂಬಾ ಆಗಿದೆ, ಅದು ಬೇರೆ ಮಾತು. ಪರೀಕ್ಷೇಲಿ ಅದಕ್ಕೆ ಉತ್ತರ ಬರೆದು ಮಾರ್ಕ್ಸ್ ತಗೊಂಡಿದ್ದೆ. ಅಕ್ಕನ್ನ ಬಿಟ್ಟು ಪಕ್ಕದೋರನ್ನ ಕೇಳೋವಾಗ ಒಂದ್ಸಲನೂ ನೆನಪಾಗ್ಲಿಲ್ಲ.

ತಿರುವು 1: ಕರೆಂಟ್ ಹೋದ ಸಂಜೆ

ಒಂದಿನ ಸ್ವಲ್ಪ ಬೇಗನೇ, ಇನ್ನೂ ಬೆಳಕಿರೋವಾಗ ಸೇರಿದ್ವಿ, ಕರೆಂಟ್ ಹೋಯ್ತು, ಒಳಗೆ ಕತ್ತಲು ಅಂತ ಎಲ್ಲಾರೂ ಜಗಲಿ ಮೇಲೆ ಕೂತ್ವಿ. ರಸ್ತೆ ಆಚೆ ಒಂದು ಗೊಬ್ಬರದ ಅಂಗಡಿ, ಅದ್ರ ಬೋರ್ಡ್ ಮೇಲೆ ದೊಡ್ಡಕ್ಷರದಲ್ಲಿ ಬಸವ ಅಂತ ಶುರುವಾಗುತ್ತೆ, ಮುಂದೆ ಇನ್ನೇನೋ ಇದೆ. ನಾನು ಫೋನಲ್ಲಿ ಏನೋ ನೋಡ್ತಿದ್ದೆ, ಅಕ್ಕ ತಮ್ಮ ಪಾಡಿಗೆ ತಾವು "ಬ, ಸ, ವ... ಬಸವ! ಅದು ಬಸವ ಅಲ್ವೇನವ್ವ?" ಅಂದ್ರು.

ಪಕ್ಕದಲ್ಲಿ ಯಾರೂ ಹೇಳ್ಕೊಟ್ಟಿರ್ಲಿಲ್ಲ. ರಸ್ತೆ ಆಚೆ ಬೋರ್ಡ್ ಅಂದ್ರೆ ಏನಿಲ್ಲ ಅಂದ್ರೂ ಮೂವತ್ತು ಅಡಿ. ಕೈಯಲ್ಲಿರೋ ಪುಸ್ತಕದಲ್ಲಿ ಇದೇ ಪದ ತೋರಿಸ್ದೆ, ಆಗ್ಲಿಲ್ಲ. ಪುಸ್ತಕ ಇಸ್ಕೊಂಡು ನಾನು ಎರಡು ಹೆಜ್ಜೆ ಹಿಂದೆ ಹೋಗಿ ಹಿಡ್ಕೊಂಡೆ, "ಬಸವ" ಅಂದ್ರು.

ಚಾಳೀಸು! ನಮ್ಮಮ್ಮನಿಗೂ ಇದೆ, ನಮ್ಮತ್ತೆಗೂ ಇದೆ, ನಲವತ್ತು ದಾಟಿದ್ರೆ ಹತ್ತಿರದ್ದು ಮಬ್ಬಾಗುತ್ತೆ ಅಂತ ಹಳ್ಳೀಲಿ ಚಿಕ್ಕ ಮಕ್ಕಳಿಗೂ ಗೊತ್ತು. ಕೇಳಿದ್ರೆ, ಎರಡು ವರ್ಷದಿಂದ ಸೂಜಿಗೆ ದಾರ ಪೋಣಿಸೋಕ್ ಆಗ್ತಿಲ್ಲ, ಅಕ್ಕಿ ಆರಿಸೋವಾಗ ಕಲ್ಲು ಕಾಣಲ್ಲ, ಪಕ್ಕದ ಮನೆ ಹುಡುಗಿ ಮಾಡ್ಕೊಡ್ತಾಳೆ ಅಂದ್ರು. ಮತ್ತೆ ಪುಸ್ತಕದಲ್ಲಿ ಕಾಣಲ್ಲ ಅಂತ ಯಾಕ್ ಹೇಳ್ಲಿಲ್ಲಕ್ಕ ಅಂದೆ. ಅವ್ರು ಹೇಳಿದ ಮಾತು ಹಂಗೇ ಬರೀತೀನಿ: "ಓದೋರಿಗೂ ಹಿಂಗೇ ಮಬ್ಬು ಮಬ್ಬಾಗೇ ಕಾಣ್ತದೆ, ಅವ್ರು ಬುದ್ಧಿವಂತ್ರು ಅದಕ್ಕೇ ಗುರುತು ಹಿಡೀತಾರೆ ಅನ್ಕೊಂಡಿದ್ದೆ ಕಣವ್ವ."

ಸಂತೇಲಿ ₹150ಕ್ಕೆ ಒಂದು ಕನ್ನಡಕ ತಗೊಂಡ್ವಿ, ಆಮೇಲೆ ಒಂದು ಕಣ್ಣಿನ ಕ್ಯಾಂಪಲ್ಲಿ ಸರಿಯಾಗಿ ಟೆಸ್ಟ್ ಮಾಡಿಸಿ ಬೇರೆದು ಬಂತು. ಒಂದು ತಿಂಗಳು ಹತ್ತದೆ ಇದ್ದ ಹತ್ತಕ್ಷರ ಆರು ದಿನಕ್ಕೆ ಹತ್ತಿತು. ಕಣ್ಣಿಗೆ ಕಾಣ್ತಿರಲಿಲ್ಲ ಅನ್ನೋದು ಆ ಹೊತ್ತಿಗೆ ನಮ್ಮಿಬ್ಬರ ಪ್ರಕಾರನೂ ತಲೆಗೆ ಹತ್ತಲ್ಲ ಅನ್ನೋದಾಗಿತ್ತು. ಬೇರೆ ಯಾರಾದ್ರೂ ಆಗಿದ್ರೆ, ಹೆಡ್ಮೇಷ್ಟ್ರು ಪುಸ್ತಕ ದೂರ ಹಿಡ್ದಿದ್ರೆ, ನಾನು ಮೊದಲ ದಿನವೇ ಕನ್ನಡಕ ಎಲ್ಲಿ ಸಾರ್ ಅಂತ ಕೇಳ್ತಿದ್ದೆ.

ತಿರುವು 2: ಗರಗಸ ಬಿಟ್ಟು ನೋಟೀಸು

ಕನ್ನಡಕ ಬಂದ್ಮೇಲೆ ಎಲ್ಲಾ ಸಲೀಸಾಯ್ತು ಅನ್ಕೋಬೇಡಿ. ಕಾಗುಣಿತಕ್ಕೆ ಬಂದಾಗ ಅಕ್ಕನಿಗೆ ಬೇಜಾರು ಬಂತು. ಕಷ್ಟ ಅಂತಲ್ಲ. "ಈ ಅರಸ, ಅಗಸ, ಗರಗಸ ತಗೊಂಡು ನಾನೇನ್ ಮಾಡ್ಲಿ, ನಮ್ಮೂರಾಗ್ ಯಾರ್ ಅರಸ ಇದಾನೆ" ಅಂತ ಒಂದಿನ ನೇರವಾಗಿ ಕೇಳಿದ್ರು. ನಿಮಗೇನ್ ಓದ್ಬೇಕಕ್ಕ ಅಂದೆ. ಈ ಪ್ರಶ್ನೆ ನಾನು ಕೇಳಿದ್ದು ಅದೇ ಮೊದಲು, ಎರಡೂವರೆ ತಿಂಗಳಾದ್ಮೇಲೆ. ಬ್ಲೌಸ್ ಒಳಗಿಂದ ಮಡಚಿ ಮಡಚಿ ಮೆತ್ತಗಾಗಿದ್ದ ಒಂದು ಕಾಗದ ತೆಗೆದ್ರು. ಸಾಮಾನ್ಯ ಸಭೆಯ ನೋಟೀಸು.

ಅಲ್ಲಿಂದ ಪ್ರೈಮರ್, ಅಂದ್ರೆ ಅಕ್ಷರ ಕಲಿಸೋ ಪುಸ್ತಕ, ಮುಚ್ಚಿಟ್ವಿ. ಇದು ಸುಲಭದ ತೀರ್ಮಾನ ಆಗಿರ್ಲಿಲ್ಲ, ಯಾಕಂದ್ರೆ ಎಷ್ಟನೇ ಪಾಠ ಅಂತ ರಿಪೋರ್ಟ್ ಕೊಡ್ಬೇಕಿತ್ತು, ಉಳಿದ ಮೂರು ಜನಕ್ಕೆ ಪುಸ್ತಕನೇ ನಡೀತಿತ್ತು, ಒಬ್ರಿಗೋಸ್ಕರ ಬೇರೆ ದಾರಿ ಅಂದ್ರೆ ನಂಗೆ ಡಬಲ್ ಕೆಲಸ. ಜೊತೆಗೆ ನೋಟೀಸಿನ ಭಾಷೆ ಅಂದ್ರೆ ಓದು ಬಂದೋರಿಗೇ ತಲೆನೋವು. ಆದ್ರೂ ಮೊದಲು ಚಿಕ್ಕ ಪದ ಆರಿಸ್ಕೊಂಡ್ವಿ, ನೀರು, ಮನೆ, ಬೀದಿ ದೀಪ, ಕೂಲಿ, ಬಿಲ್ಲು, ಚರಂಡಿ. ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದು ಕೊಟ್ಟೆ. ಬ್ರೆಜಿಲ್‌ನ ಪಾವ್ಲೊ ಫ್ರೇರೆ ಅನ್ನೋರು 1963ರಲ್ಲಿ ಆಂಜಿಕೋಸ್ ಅನ್ನೋ ಊರಲ್ಲಿ ಇದೇ ಥರ ಕೂಲಿಯೋರ ಬಾಯಲ್ಲೇ ಓಡಾಡೋ ಪದ ಹಿಡ್ಕೊಂಡು ಕಲಿಸಿದ್ರು ಅಂತ ಆಮೇಲೆ ಯಾರೋ ಹೇಳಿದ್ರು. ನಂಗೆ ಅದೆಲ್ಲ ಗೊತ್ತಿರ್ಲಿಲ್ಲ, ದಾರಿ ತೋರಿಸಿದ್ದು ಆ ಮೆತ್ತಗಿನ ಕಾಗದ.

ಒತ್ತಕ್ಷರ ಬಂದಾಗ ಅಕ್ಕ ತಾವೇ ಹೆಸರಿಟ್ಕೊಂಡ್ರು. ದೀರ್ಘಕ್ಕೆ ಬಾಲ, ಒತ್ತಿಗೆ ಮರಿ. "ಈ ಪ ಕೆಳಗೆ ಇನ್ನೊಂದು ಪ ಮರಿ ಹಾಕೈತೆ." ಮರಿಗಳ ತನಕ ಓಕೆ, ಆಮೇಲೆ ಸಿಕ್ಕಾಕೊಂಡಿದ್ದು ಅರ್ಕಾವೊತ್ತಲ್ಲಿ, ಆ ‘ರ್’ ಗುರುತಲ್ಲಿ. ನೀವೇ ನೋಡಿ, ಪಂಚಾಯ್ತಿ ಕಾಗದ ಅಂದ್ರೆ ತೀರ್ಮಾನ, ಖರ್ಚು, ಅರ್ಜಿ, ಸರ್ಕಾರ, ವಾರ್ಡ್, ಕಾರ್ಯದರ್ಶಿ, ಎಲ್ಲಾ ಕಡೆ ಅದೇ. ಬರೆಯೋದು ಅಕ್ಷರದ ಹಿಂದೆ, ಓದೋದು ಅಕ್ಷರಕ್ಕಿಂತ ಮುಂಚೆ. ‘ಖರ್ಚು’ ಅನ್ನೋದನ್ನ ಅಕ್ಕ ಖ-ಚು-ರ್ ಅಂತ ಓದಿ ಓದಿ ಸುಸ್ತಾದ್ರು. "ಹಿಂದಿರೋದನ್ನ ಮುಂದೆ ಓದ್ಬೇಕಾ, ಇದ್ಯಾವ ನ್ಯಾಯ?" ನಾನು ನಿಯಮ ಹೇಳಿದ್ದೇ ಹೇಳಿದ್ದು. ಒಂದಿನ ತಾವೇ ಬಗೆಹರಿಸ್ಕೊಂಡ್ರು: "ಗೊತ್ತಾಯ್ತು ಬಿಡು, ಹಿಂದೆ ಮೂಲೇಲಿ ಕೂತಿರ್ತಾಳೆ, ಮೊದ್ಲು ಅವಳೇ ಮಾತಾಡ್ತಾಳೆ, ನಮ್ಮತ್ತೆ ಇದ್ದಂಗೆ." ಈಗ ನಮ್ಮ ಲೈಬ್ರರಿಯಲ್ಲಿ ಮಕ್ಕಳಿಗೂ ಅದು ಅತ್ತೆ ಅಕ್ಷರ.

ಹಿಂದೆ ಬಿದ್ದಿದ್ದು

2022ರ ಮಧ್ಯದ ಹೊತ್ತಿಗೆ ಕಾರ್ಯಕ್ರಮದ ಲೆಕ್ಕದಲ್ಲಿ ಕ್ಲಾಸು ಮುಗೀತು, ಫೋಟೋ ತೆಗೆದ್ರು, ಉಳಿದ ಮೂರು ಜನ ಬರೋದು ನಿಲ್ಲಿಸಿದ್ರು. ಅಕ್ಕ ಬರ್ತಾನೇ ಇದ್ರು, ವಾರಕ್ಕೆ ಮೂರು ಸಲ, ಕೆಲವೊಮ್ಮೆ ಎರಡು. ಅಕ್ಟೋಬರ್ ನವೆಂಬರ್‌ನಲ್ಲಿ ಕಡ್ಲೆಕಾಯಿ ಕಟಾವು ಶುರುವಾಗಿ ಸುಮಾರು ಮೂರು ವಾರ ಬರ್ಲೇ ಇಲ್ಲ. ಬಂದಾಗ ಅರ್ಧ ಮರೆತುಹೋಗಿತ್ತು. ಕಾಗುಣಿತದಲ್ಲಿ ಏತ್ವ ಓತ್ವ ಪೂರ್ತಿ ಮಾಯ. ನಂಗಿಂತ ಅವ್ರಿಗೇ ಜಾಸ್ತಿ ಗಾಬರಿ.

ಇಲ್ಲಿ ನಾನು ಒಂದು ಒಳ್ಳೆ ಕೆಲಸ ಮಾಡ್ದೆ ಅನ್ಸುತ್ತೆ. ಕ್ಲಾಸನ್ನ ಅವರ ಕಾಲೋನಿಗೆ ತಗೊಂಡ್ ಹೋದೆ, ಸಮುದಾಯ ಭವನದ ಜಗಲಿಗೆ. ಕೂಲಿಯಿಂದ ಬಂದು ಸ್ನಾನ ಮಾಡಿ, ಸೀರೆ ಬದಲಾಯಿಸ್ಕೊಂಡು ಊರೊಳಗಿನ ಲೈಬ್ರರಿಗೆ ಬರೋದೇ ಒಂದು ಗಂಟೆ ಕೆಲಸ ಅಂತ ನಂಗೆ ಅಲ್ಲೀವರೆಗೂ ಹೊಳೆದಿರ್ಲಿಲ್ಲ. ಇನ್ನೊಂದು, ಲೈಬ್ರರಿಯಲ್ಲಿ ಅಕ್ಕ ಯಾವಾಗ್ಲೂ ಬಾಗಿಲ ಹತ್ರದ ಚೇರಲ್ಲೇ ಕೂರೋರು, ಎಷ್ಟು ಕರೆದ್ರೂ ಒಳಗಿನ ಟೇಬಲ್ ಹತ್ರ ಬರ್ತಿರ್ಲಿಲ್ಲ. ಯಾಕೆ ಅಂತ ನಾನೂ ಕೇಳ್ಲಿಲ್ಲ, ಅವ್ರೂ ಹೇಳ್ಲಿಲ್ಲ, ನಮ್ಮೂರ ಕಡೆಯೋರಿಗೆ ಬಿಡಿಸಿ ಹೇಳೋದು ಬೇಕಾಗಿಲ್ಲ. ಜಗಲಿ ಮೇಲೆ ಕಂಬಕ್ಕೆ ಒರಗಿ ಕಾಲು ಚಾಚ್ಕೊಂಡು ಕೂತು ಓದೋ ಅಕ್ಕ ಬೇರೆನೇ ಇದ್ರು, ಗಂಟಲು ಜೋರು. ಪಕ್ಕದಲ್ಲಿ ಇನ್ನಿಬ್ರು ಹೆಂಗಸರು ಸುಮ್ನೆ ಬಂದು ಕೂರೋರು, ಹೂವ ಕಟ್ಟೋರು.

ಏನಾಯ್ತು

ಈ ಭಾಗಕ್ಕೆ ನಾನು ಸಾಕ್ಷಿ ಅಲ್ಲ, ಮೀಟಿಂಗಿಗೆ ನಾವು ಕೂರಲ್ಲ. ಅಕ್ಕ ಹೇಳಿದ್ದು ಮತ್ತೆ ಆಫೀಸಿನ ಡಾಟಾ ಎಂಟ್ರಿ ಹುಡುಗ ಹೇಳಿದ್ದು ಎರಡನ್ನೂ ಇಟ್ಕೊಂಡು ಬರೀತಿದೀನಿ.

2023ರ ಶುರುವಿನ ಒಂದು ಸಾಮಾನ್ಯ ಸಭೆ. ಮೀಟಿಂಗಿನ ತೀರ್ಮಾನಗಳಿರೋ ನಡಾವಳಿ ಪುಸ್ತಕ ಎಂದಿನಂತೆ ಸೈನಿಗೆ ಕೈಯಿಂದ ಕೈಗೆ ಬರ್ತಿತ್ತು. ಅಕ್ಕ ಕೊನೇ ಚೇರು. ಪುಸ್ತಕ ಬಂತು, ಚೀಲದಿಂದ ಕನ್ನಡಕ ತೆಗೆದು ಹಾಕ್ಕೊಂಡ್ರು, ಪೆನ್ನು ಮುಚ್ಚಿಟ್ರು, ಹಿಂದಿನ ಪುಟ ತಿರುಗಿಸಿ ಹೋದ ಮೀಟಿಂಗಿನ ತೀರ್ಮಾನ ಓದೋಕೆ ಶುರು ಮಾಡಿದ್ರು. ಬಾಯಿಬಿಟ್ಟು. ಮನಸ್ಸಲ್ಲಿ ಓದೋಕೆ ಅವ್ರಿಗೆ ಇನ್ನೂ ಬರ್ತಿರ್ಲಿಲ್ಲ, ಈಗ್ಲೂ ಅಷ್ಟಾಗಿ ಬರಲ್ಲ. ಮೊದ್ಲು ಒಂದಿಬ್ರು ನಕ್ರು. ಒಬ್ರು ಬಸ್ಸಿಗೆ ಟೈಮಾಯ್ತು ಅಂದ್ರು. ನಾಲ್ಕು ಸಾಲಿಗೆ ಏಳೆಂಟು ನಿಮಿಷ ಆಗಿರ್ಬಹುದು ಅಂತ ಹುಡುಗ ಹೇಳ್ತಾನೆ, ಕೊನೆಕೊನೆಗೆ ಫ್ಯಾನ್ ಸದ್ದು ಬಿಟ್ರೆ ಏನಿಲ್ವಂತೆ.

ಅದ್ರಲ್ಲಿ ಇದ್ದಿದ್ದು ಏನಂದ್ರೆ, ಅಕ್ಕನ ಕಾಲೋನಿ ಚರಂಡಿ ಕೆಲಸ ಮುಂದಿನ ವರ್ಷಕ್ಕೆ ಹಾಕಿರೋದು, ಕೊನೇಲಿ "ಸದಸ್ಯರೆಲ್ಲರೂ ಒಪ್ಪಿರುತ್ತಾರೆ". ‘ಪ್ಪಿ’ ಮರಿ ಅಕ್ಷರ, ತಡವರಿಸ್ದೆ ಓದಿದ್ರು. ಆಮೇಲೆ ಕನ್ನಡಕ ತೆಗೆದು, "ನಾನ್ ಯಾವಾಗ್ ಒಪ್ದೆ?" ಅಂದ್ರು.

ಇದ್ರಲ್ಲಿ ಯಾರದೋ ದೊಡ್ಡ ಮೋಸ ಇತ್ತು ಅಂತ ನಾನು ಹೇಳ್ತಿಲ್ಲ. ಪಿಡಿಓ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಹೇಳಿದ್ದು ಅದು ಪ್ರತಿ ಸಲ ಬರೆಯೋ ಮಾಮೂಲಿ ವಾಕ್ಯ, ದುಡ್ಡು ಸಾಲದೆ ಮುಂದಕ್ಕೆ ಹಾಕಿದ್ದು ಅಂತ, ಅದೂ ನಿಜ ಇರ್ಬಹುದು. ಆದ್ರೆ ಎರಡು ವರ್ಷದಿಂದ ಪ್ರತಿ ಮೀಟಿಂಗಲ್ಲೂ ಅಕ್ಕ ಹಿಂಗೇ ಏನೇನಕ್ಕೋ ಒಪ್ಕೊಂಡ್ ಬಂದಿದ್ರು, ಚೆಂದದ ರಂಗೋಲಿ ಸೈನ್ ಹಾಕಿ. ಅವತ್ತಿನ ನಡಾವಳೀಲಿ ಹೊಸದಾಗಿ ಒಂದು ಸಾಲು ಸೇರ್ತು, ಇಂಥ ವಾರ್ಡಿನ ಸದಸ್ಯರು ಆಕ್ಷೇಪಣೆ ಸಲ್ಲಿಸಿದ್ದಾರೆ ಅಂತ. ‘ಆಕ್ಷೇಪಣೆ’ ಸರಿಯಾಗಿ ಬರೆದಿದಾರಾ ಅಂತ ಪುಸ್ತಕ ಇಸ್ಕೊಂಡು ನೋಡಿದ್ರಂತೆ, ಅದನ್ನ ಓದೋಕ್ ಆಗ್ಲಿಲ್ಲ, ಸುಮ್ನೆ ನೋಡಿ ವಾಪಸ್ ಕೊಟ್ರಂತೆ. ಇದನ್ನೂ ಅಕ್ಕನೇ ಹೇಳಿದ್ದು, ಮಾರನೇ ದಿನ ಬಂದು "ಆ ಪದ ಹೇಳ್ಕೊಡು ಮೊದ್ಲು" ಅಂತ.

ಚರಂಡಿ ಆಯ್ತಾ? ಮುಂದಿನ ವರ್ಷ ಅರ್ಧ ಆಯ್ತು. ಉಳಿದರ್ಧ ಇನ್ನೂ ಹಂಗೇ ಇದೆ.

ಮೀಟಿಂಗಲ್ಲಿ ಸ್ವಲ್ಪ ದಿನ ಅಕ್ಕನ ಮೇಲೆ ಮುನಿಸು ಇತ್ತು, ನಾಲ್ಕಕ್ಷರ ಬಂದು ತಲೆ ತಿರುಗಿದೆ ಅಂತ ನನ್ನೆದುರೇ ಅಂದಿದಾರೆ. ಆದ್ರೆ ನಡಾವಳೀನ ಸೈನಿಗೆ ಮುಂಚೆ ಜೋರಾಗಿ ಓದಿ ಹೇಳೋ ಪದ್ಧತಿ ಮೆಲ್ಲಗೆ ಶುರುವಾಯ್ತು, ಅಕ್ಕ ಓದಿದ್ರೆ ಲೇಟಾಗುತ್ತೆ ಅನ್ನೋ ಭಯಕ್ಕೆ! ಓದು ಬರೋ ಮೆಂಬರ್‌ಗಳೂ ಅಲ್ಲೀವರೆಗೆ ಓದ್ತಿರ್ಲಿಲ್ಲ ಅನ್ನೋದು ಆಗ ಬೆಳಕಿಗೆ ಬಂತು ಅನ್ನಿ. ಮೂವತ್ತು ತಿಂಗಳಾದ್ಮೇಲೆ 2023ರಲ್ಲಿ ಎರಡನೇ ಅವಧಿ ಅಧ್ಯಕ್ಷರ ಆಯ್ಕೆ ಆದಾಗ ಯಾರೋ ಅಕ್ಕನ ಹೆಸರು ಎತ್ತಿದ್ರು, ಅಷ್ಟಕ್ಕೇ ನಿಂತೋಯ್ತು.

ನಾನ್ ಕಲಿತಿದ್ದು, ಹೇಳೋಕ್ ಆಗದೆ ಇರೋದು

ದೊಡ್ಡೋರಿಗೆ ಕಲಿಸೋರು ಯಾರೇ ಇರ್ಲಿ, ಮೊದಲ ದಿನ ಅಕ್ಷರ ಬೇಡ, ಕಣ್ಣು ನೋಡಿ. ಸೂಜಿಗೆ ದಾರ ಪೋಣಿಸೋಕ್ ಕೊಡಿ ಸಾಕು. ನಲವತ್ತು ದಾಟಿದೋರ ಕ್ಲಾಸಲ್ಲಿ ಕನ್ನಡಕ ಇಲ್ಲ ಅಂದ್ರೆ ಅದು ಪಾಠದ ಸಮಸ್ಯೆಗಿಂತ ಮುಂಚಿನ ಸಮಸ್ಯೆ. ಸೈನ್ ಬರುತ್ತೆ ಅನ್ನೋದನ್ನ ಓದು ಬರುತ್ತೆ ಅಂತ ಬರ್ಕೋಬೇಡಿ, ಅವರ ಸೈನಲ್ಲಿರೋ ಒಂದಕ್ಷರ ತೆಗೆದು ಬೇರೆ ಕಡೆ ಬರೆದು ಕೇಳಿ. ಮತ್ತೆ ಯಾರು ಎಲ್ಲಿ ಕೂರ್ತಾರೆ ಅಂತ ಗಮನ ಇರ್ಲಿ. ಜಾಗ ಬದಲಾಯಿಸಿದ್ದು ಪಾಠ ಬದಲಾಯಿಸಿದಷ್ಟೇ ಕೆಲಸ ಮಾಡ್ತು ಅಂತ ನಂಗೆ ಅನ್ಸುತ್ತೆ, ಆದ್ರೆ ಎರಡೂ 2022ರಲ್ಲೇ ಆಗಿದ್ರಿಂದ ಯಾವ್ದು ಎಷ್ಟು ಅಂತ ಬಿಡಿಸಿ ಹೇಳೋಕಾಗಲ್ಲ.

ಇನ್ನೊಂದು ಹೇಳ್ಲೇಬೇಕು, ಉಳಿದ ಮೂರು ಜನಕ್ಕೆ ನಾನು ಗುರಿ ದೊಡ್ಡದಾಗೇ ಇಟ್ಟಿದ್ದೆ, ಅವರು ಪ್ರೈಮರ್ ಮುಗಿಸಿದ್ರು, ಈಗ ಇಬ್ರು ಪೇಪರ್ ಮುಟ್ಟಲ್ಲ. ಹಂಗಾಗಿ ಗುರಿ ದೊಡ್ಡದಿಟ್ರೆ ಎಲ್ಲಾ ಸರಿಹೋಗುತ್ತೆ ಅನ್ನೋದೂ ಪೂರ್ತಿ ನಿಜ ಅಲ್ಲ. ಅವ್ರಿಗೆ ಮನೇಲಿ ಓದೋರಿದ್ರು, ಓದದೆ ಇದ್ರೂ ನಡೀತಿತ್ತು. ಅಕ್ಕನ ಮಡಿಲಲ್ಲಿ ಒಂದು ಕಾಗದ ಇತ್ತು, ಅದನ್ನ ಓದಿ ಹೇಳೋ ಮೈದುನನ ಬಾಯಿ ಮೇಲೆ ಅವ್ರಿಗೆ ಅಷ್ಟಾಗಿ ನಂಬಿಕೆ ಇರ್ಲಿಲ್ಲ.

ಬರದೆ ಇರೋದೂ ಬೇಕಾದಷ್ಟಿದೆ. ಬೇರೆಯೋರ ಕೈಬರಹ ಅಷ್ಟಾಗಿ ಓದೋಕ್ ಬರಲ್ಲ, ಟೈಪ್ ಆಗಿದ್ರೆ ಸಲೀಸು. ಬರವಣಿಗೆ ತುಂಬಾ ಹಿಂದೆ. ಪಹಣಿ ತಂದು ಮೂರು ಸಲ ಕೂತಿದೀವಿ, ಅದ್ರಲ್ಲಿರೋ ಕಾಲಂಗಳು ನಂಗೇ ಅರ್ಥ ಆಗಲ್ಲ.

ಗುರಿ ಹಾಳೆ ವಿಷಯ. ಅದನ್ನ ನಾನು ಮರೆತೇ ಹೋಗಿದ್ದೆ. 2023ರ ಮಳೆಗಾಲದಲ್ಲಿ ಲೈಬ್ರರಿ ಸೋರಿ ಬೀರು ಖಾಲಿ ಮಾಡ್ತಿದ್ವಿ, ಅಕ್ಕನೂ ಕೈ ಜೋಡಿಸೋಕೆ ಬಂದಿದ್ರು, ಫೈಲು ಒರೆಸ್ತಾ ಒರೆಸ್ತಾ ಅವರ ಹೆಸರು ಕಾಣಿಸಿ ನಿಂತ್ಕೊಂಡು ಓದಿದ್ರು. ಅದೊಂದೇ ಕೈಬರಹ ಅವ್ರಿಗೆ ಸಲೀಸು, ನಂದು. "ಗುರಿ. ಹೆಸರು, ಊರು, ವಾರ್ಡ್ ಸಂಖ್ಯೆ ಬರೆಯುವುದು." ನಂಗೆ ನೆಲ ಬಿರಿಬಾರ್ದಾ ಅನ್ನಿಸ್ತು. ಅಕ್ಕ ಒಂದು ಮಾತೂ ಆಡ್ಲಿಲ್ಲ, ಇನ್ನೊಂದ್ಸಲ ಓದಿ, ಹಾಳೆ ಒಣಗೋಕೆ ಅಂತ ಉಳಿದ ಹಾಳೆಗಳ ಜೊತೆ ಹರಡಿ ಮೇಲೆ ಕಲ್ಲಿಟ್ರು. ಆಮೇಲಿಂದ ಹೊಸಬರ ಹಾಳೇಲಿ ಆ ಕಾಲಂ ನಾನು ತುಂಬಲ್ಲ, ಅವ್ರನ್ನೇ ಕೇಳಿ ಅವರ ಬಾಯಲ್ಲಿ ಬಂದಿದ್ದನ್ನ ಬರೀತೀನಿ. ಹೋದ ಸಲ ಒಬ್ರು ಬರೆಸಿದ್ದು: "ಮಗಳು ಹಾಸ್ಟೆಲ್ಲಿಂದ ಮೆಸೇಜ್ ಹಾಕಿದ್ರೆ ಅಳಿಯನ ಕೈಲಿ ಓದಿಸ್ಬಾರ್ದು."

ಇದನ್ನೆಲ್ಲ ಬರೆದ್ಮೇಲೆ ದೊಡ್ಡಕ್ಷರದಲ್ಲಿ ಪ್ರಿಂಟ್ ಹಾಕಿ ಅಕ್ಕನಿಗೆ ಕೊಟ್ಟೆ, ಅವರ ಒಪ್ಪಿಗೆ ಇಲ್ದೆ ಹಾಕೋಕಾಗಲ್ಲವಲ್ಲ. ಓದಿ ಹೇಳ್ಲಾ ಅಂದೆ, ಬೇಡ ಅಂದ್ರು. ಐದು ದಿನ ಇಟ್ಕೊಂಡ್ರು. ವಾಪಸ್ ಬಂದಾಗ ಎರಡು ಕಡೆ ಪೆನ್ಸಿಲ್ ಗೀಟು. ಒಂದು ಮೈದುನನ ಬಗ್ಗೆ ನಾನು ಸ್ವಲ್ಪ ಖಾರವಾಗಿ ಬರೆದಿದ್ದ ಪ್ಯಾರಾ, "ಪಾಪ, ಬೇಡ" ಅಂದ್ರು, ತೆಗೆದಿದೀನಿ. ಇನ್ನೊಂದು ಕನ್ನಡಕದ ರೇಟು. ನಾನು ₹200 ಅಂತ ಹಾಕಿದ್ದೆ, ಅದನ್ನ ಹೊಡೆದು ಪಕ್ಕದಲ್ಲಿ 150 ಅಂತ ಬರೆದಿದ್ರು.